ತರಬೇತಿ ಮುಗಿಯಿತು, ಮುಂದೇನು? – ಸ್ವ ಉದ್ಯೋಗಕ್ಕಿಳಿದ ಯುವತಿಯರಿಗೆ ಅನುಭವಿಗಳ ಮಾರ್ಗದರ್ಶನ

ನಮ್ಮ ಧರ್ಮಕೇಂದ್ರಗಳ ಸಭಾಭವನಗಳಲ್ಲಿ ವರ್ಷಕ್ಕೆ ಒಂದೆರಡು ಬಾರಿಯಾದರೂ ಕಾಣಸಿಗುವ ದೃಶ್ಯವಿದು. ಹೊಲಿಗೆ, ಕೇಕ್ ತಯಾರಿ, ಬ್ಯೂಟಿ ಪಾರ್ಲರ್, ಅಣಬೆ ಬೇಸಾಯ, ಹೀಗೆ ಯಾವುದೋ ಒಂದು ತರಬೇತಿಯ ಸಮಾರೋಪ. ಪ್ರಾರ್ಥನಾ ಗೀತೆ, ದೀಪ ಬೆಳಗುವುದು, ಅತಿಥಿಗಳ ನಾಲ್ಕು ಹಿತನುಡಿ, ಪ್ರಮಾಣಪತ್ರ ವಿತರಣೆ, ವಂದನಾರ್ಪಣೆ, ಕೊನೆಗೆ ಎಲ್ಲರೂ ಸೇರಿ ಒಂದು ಫೋಟೋ. ಆ ಫೋಟೋ ನಮ್ಮ ಕಚೇರಿಗೂ ಬರುತ್ತದೆ, ನಾವೂ ಸಂತೋಷದಿಂದ ಪ್ರಕಟಿಸುತ್ತೇವೆ. ಆದರೆ ಫೋಟೋದಲ್ಲಿರುವ ಮೂವತ್ತು ಮಂದಿಯಲ್ಲಿ ಆರು ತಿಂಗಳ ನಂತರ ಎಷ್ಟು ಮಂದಿ ಆ ಕಸುಬಿನಿಂದ ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ ಎಂಬ ವರದಿ ಮಾತ್ರ ಇಂದಿನವರೆಗೆ ನಮ್ಮ ಕೈಗೆ ಬಂದಿಲ್ಲ. ನಾವು ಕೇಳಿದವರೂ ಅಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಬಹಳ ಹಿಂದೆ ನಾವು ಸಹಾಯಕ ಗುರುಗಳಾಗಿದ್ದ ಊರಿನಲ್ಲಿ ಹೀಗೆ ತರಬೇತಿ ಪಡೆದ ಯುವತಿಯೊಬ್ಬಳು ಬಸ್ ನಿಲ್ದಾಣದ ಪಕ್ಕ ಸಣ್ಣ ಹೊಲಿಗೆ ಅಂಗಡಿ ತೆರೆದಿದ್ದಳು. ಅಂಗಡಿಯನ್ನು ಆಶೀರ್ವದಿಸಲು ಹೋದದ್ದು ನಾವೇ. ಎಂಟು ತಿಂಗಳಲ್ಲಿ ಬಾಗಿಲು ಮುಚ್ಚಿತು. ಕಾರಣ ಕೇಳಿದಾಗ ಅವಳು ಹೇಳಿದ್ದು ಇಷ್ಟು: “ಫಾದರ್, ಹೊಲಿಯಲು ಚೆನ್ನಾಗಿಯೇ ಬರುತ್ತಿತ್ತು. ಆದರೆ ಲೈನಿಂಗ್ ಬಟ್ಟೆ, ನೂಲು, ಗುಂಡಿ ಎಲ್ಲ ಪೇಟೆಯ ಅಂಗಡಿಯಿಂದಲೇ ತರುತ್ತಿದ್ದೆ. ಹೋಲ್‌ಸೇಲ್‌ನಲ್ಲಿ ಎಲ್ಲಿ ಸಿಗುತ್ತದೆ, ಸಾಲ ಹೇಳುವ ಗಿರಾಕಿಗೆ ಏನು ಉತ್ತರ ಕೊಡಬೇಕು, ಇದನ್ನೆಲ್ಲ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ.” ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಹದಿನೈದು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದ ಬಾಯಮ್ಮನೊಬ್ಬರಿದ್ದರು. ಈ ಎರಡು ಅಂಗಡಿಗಳ ನಡುವೆ ಒಂದು ಮಾತುಕತೆ ಏರ್ಪಡಿಸಬಹುದಿತ್ತು ಎಂಬುದು ಆಗ ನಮಗೆ ಹೊಳೆಯಲೇ ಇಲ್ಲ.

ಆ ಯುವತಿಯ ಮಾತು ಎಷ್ಟು ಸರಿಯಾಗಿತ್ತು ಎಂಬುದು ನಮಗೆ ಮನವರಿಕೆಯಾದದ್ದು ಕೀನ್ಯಾ ದೇಶದ ರಾಜಧಾನಿ ನೈರೋಬಿಯಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಓದಿದಾಗ. ಅಭಿವೃದ್ಧಿಶೀಲ ದೇಶಗಳಲ್ಲಿ ಸ್ವಂತ ಉದ್ಯೋಗಕ್ಕೆ ಇಳಿಯುವ ಯುವತಿಯರಿಗೆ ಒಬ್ಬ ಅನುಭವಿಯನ್ನು ಜೊತೆಮಾಡಿಕೊಡುವ ಕಾರ್ಯಕ್ರಮಗಳು ಈಗ ಅನೇಕ ಇವೆ. ಇಂಗ್ಲಿಷಿನಲ್ಲಿ ಇದನ್ನು ‘ಮೆಂಟರಿಂಗ್’ ಎನ್ನುತ್ತಾರೆ. ಈ ಅನುಭವಿ ಪಾಠ ಹೇಳುವ ಶಿಕ್ಷಕಿಯೂ ಅಲ್ಲ, ಸಾಲ ಕೊಡುವ ಬ್ಯಾಂಕಿನವಳೂ ಅಲ್ಲ. ತಾನು ನಡೆದ ದಾರಿಯನ್ನು ಹಿಂದಿನಿಂದ ಬರುವವಳಿಗೆ ತೋರಿಸಿಕೊಡುವ ಅಕ್ಕ ಎಂದರೆ ಸರಿಯಾದೀತು. ಇಂತಹ ಕಾರ್ಯಕ್ರಮಗಳಿಂದ ನಿಜವಾಗಿ ಪ್ರಯೋಜನವಾಗುತ್ತದೆಯೇ ಎಂದು ಲೆಕ್ಕಹಾಕಿ ನೋಡಿದವರು ಕಡಿಮೆ. ನೈರೋಬಿಯವರು ನೋಡಿದ್ದಾರೆ.

ದಂಡೋರಾದ ಅನುಭವ

ನೈರೋಬಿಯ ಪೂರ್ವಕ್ಕೆ ದಂಡೋರಾ ಎಂಬ ಬಡಾವಣೆ ಇದೆ. ಬಡವರಿಗೆ ಮನೆ ನಿವೇಶನ ಒದಗಿಸಲು 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಬಡಾವಣೆ ಅದು. ಈಗ ಜನ ಕಿಕ್ಕಿರಿದಿದ್ದಾರೆ. ಇಡೀ ನಗರದ ಕಸ ಸುರಿಯುವ ದೊಡ್ಡ ತಿಪ್ಪೆಯೂ ಅಲ್ಲೇ ಇದೆ. ಹೋಲಿ ಕ್ರಾಸ್ ಸಭೆಯ ಗುರುಗಳು ಸೇವೆ ಸಲ್ಲಿಸುವ ಧರ್ಮಕೇಂದ್ರವೊಂದು ಅಲ್ಲಿದೆ ಎಂಬುದು ನಮ್ಮ ಓದುಗರಿಗೆ ಆಸಕ್ತಿಯ ಸಂಗತಿ. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವರೂ ಇದೇ ಸಭೆಯವರು. ನಾವು ಹೇಳಹೊರಟಿರುವ ಅಧ್ಯಯನವನ್ನು ನಡೆಸಿದ ವ್ಯಾಟ್ ಬ್ರೂಕ್ಸ್, ಕೆವಿನ್ ಡೊನೊವನ್ ಮತ್ತು ಟೆರೆನ್ಸ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಆ ವಿಶ್ವವಿದ್ಯಾನಿಲಯದಲ್ಲಿದ್ದವರು. ಅವರ ವರದಿ 2018ರಲ್ಲಿ ಪ್ರಕಟವಾಯಿತು.

ದಂಡೋರಾದ ಹೆಂಗಸರು ಮಾಡುವ ವ್ಯಾಪಾರ ನಮಗೆ ಅಪರಿಚಿತವೇನಲ್ಲ. ತರಕಾರಿ, ‘ಸುಕುಮ ವಿಕಿ’ ಎಂಬ ಸೊಪ್ಪು, ಕರಿದ ತಿಂಡಿ, ಹಳೆ ಬಟ್ಟೆ, ಕೂದಲು ಹೆಣೆಯುವ ಸಲೂನು, ಸಣ್ಣಪುಟ್ಟ ದಿನಸಿ ಅಂಗಡಿ. ಅಧ್ಯಯನಕಾರರು ವ್ಯಾಪಾರಕ್ಕೆ ಹೊಸಬರಾದ ಯುವತಿಯರನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ನೈರೋಬಿಯ ಸ್ಟ್ರಾತ್‌ಮೋರ್ ವಿಶ್ವವಿದ್ಯಾನಿಲಯದ ಅಧ್ಯಾಪಕರಿಂದ ತರಗತಿ. ಲೆಕ್ಕಪತ್ರ ಇಡುವುದು, ಖರ್ಚುವೆಚ್ಚ, ಮಾರಾಟ, ಯೋಜನೆ ತಯಾರಿ, ಒಟ್ಟು ನಾಲ್ಕು ಪಾಠ. ಇನ್ನೊಂದು ಗುಂಪಿನವರಿಗೆ ತರಗತಿ ಇಲ್ಲ. ಅದರ ಬದಲು ಅದೇ ದಂಡೋರಾದಲ್ಲಿ, ಅದೇ ಬಗೆಯ ವ್ಯಾಪಾರದಲ್ಲಿ ಪಳಗಿದ, ಚೆನ್ನಾಗಿ ಸಂಪಾದಿಸುವ ಹಿರಿಯ ಹೆಂಗಸೊಬ್ಬರನ್ನು ಜೋಡಿಮಾಡಿಕೊಟ್ಟರು. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಭೇಟಿಯಾಗಬೇಕು, ಅಷ್ಟೆ. ಇದನ್ನೇ ಮಾತಾಡಿ ಎಂಬ ಪಠ್ಯಕ್ರಮ ಇರಲಿಲ್ಲ. ಮೂರನೆಯ ಗುಂಪನ್ನು ಹೋಲಿಕೆಗಾಗಿ ಅವರ ಪಾಡಿಗೆ ಬಿಟ್ಟರು.

ಮಾರ್ಗದರ್ಶಕಿ ಇದ್ದವರ ಲಾಭ, ಏನೂ ಇಲ್ಲದವರಿಗಿಂತ ಸರಾಸರಿ ಶೇಕಡಾ 20ರಷ್ಟು ಹೆಚ್ಚಾಯಿತು. ದಿನದ ಕೊನೆಗೆ 200 ಉಳಿಯುತ್ತಿದ್ದಲ್ಲಿ 240 ಉಳಿದ ಹಾಗೆ. ಮಗುವಿನ ಶಾಲೆಯ ಶುಲ್ಕ ಕಟ್ಟಲಾಗದೆ ಒದ್ದಾಡುವ ಮನೆಗೆ ಆ ನಲವತ್ತು ಏನೆಂಬುದು ನಮ್ಮ ಸ್ವಸಹಾಯ ಗುಂಪಿನವರಿಗೆ ವಿವರಿಸಬೇಕಿಲ್ಲ. ತರಗತಿಗೆ ಹೋದವರ ಲಾಭ ಮಾತ್ರ ಹೆಚ್ಚಲಿಲ್ಲ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ತರಗತಿಗೆ ಹೋದವರು ಪಾಠ ಮರೆತವರಲ್ಲ. ಅವರ ವ್ಯವಹಾರದ ರೀತಿ ಬದಲಾಗಿತ್ತು, ಕಲಿತದ್ದನ್ನು ಆಚರಣೆಗೂ ತಂದಿದ್ದರು. ಆದರೂ ಕೈಗೆ ಬರುವ ಹಣ ಹೆಚ್ಚಲಿಲ್ಲ. ಯಾಕೆಂದರೆ ಲೆಕ್ಕದ ಪುಸ್ತಕ ನಷ್ಟ ಎಷ್ಟಾಯಿತು ಎಂದು ತೋರಿಸುತ್ತದೆಯೇ ಹೊರತು ಟೊಮೆಟೊ ಕಡಿಮೆ ಬೆಲೆಗೆ ಯಾರಲ್ಲಿ ಸಿಗುತ್ತದೆ ಎಂದು ಹೇಳುವುದಿಲ್ಲ. ಜೋಡಿಯಾಗಿದ್ದ ಹಿರಿಯ ಹೆಂಗಸರು ಹೇಳಿಕೊಟ್ಟದ್ದು ಮುಖ್ಯವಾಗಿ ಅದನ್ನೇ. ಯಾವ ಸರಬರಾಜುದಾರನಲ್ಲಿ ಸರಕು ಅಗ್ಗ, ಯಾರನ್ನು ನಂಬಬಹುದು ಎಂದು. ಯುವತಿಯರು ಸರಕು ತರುವ ಜಾಗ ಬದಲಿಸಿದರು, ಅಸಲಿನ ಖರ್ಚು ಇಳಿಯಿತು, ಉಳಿತಾಯ ಹೆಚ್ಚಿತು.

ನೈರೋಬಿಯ ಗಿಕೊಂಬ ಮಾರುಕಟ್ಟೆ ಹಳೆ ಬಟ್ಟೆಯ ವ್ಯಾಪಾರಕ್ಕೆ ಹೆಸರಾದದ್ದು. ಹೊರದೇಶಗಳಿಂದ ಬರುವ ಬಟ್ಟೆಯ ಬೇಲುಗಳನ್ನು ಅಲ್ಲಿ ಬಿಡಿಸಿ ಮಾರುತ್ತಾರೆ. ಅಂತಹ ಕಡೆ ಎಷ್ಟು ಗಂಟೆಗೆ ಹೋದರೆ ಒಳ್ಳೆಯ ತುಂಡು ಸಿಗುತ್ತದೆ ಎಂಬುದನ್ನು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹೇಗೆ ಬಲ್ಲರು? ಅವರ ತಪ್ಪೂ ಅಲ್ಲ ಅದು. ಮಂಗಳೂರಿನ ಧಕ್ಕೆಯಲ್ಲಿ ಬೆಳಗ್ಗಿನ ಹರಾಜಿಗೆ ಮೊದಲ ಬಾರಿ ನಿಂತ ಹೆಂಗಸಿಗೆ, ಯಾವ ಬುಟ್ಟಿಗೆ ಎಷ್ಟರವರೆಗೆ ಕೂಗಬಹುದು ಎಂಬುದನ್ನು ಪಕ್ಕದಲ್ಲಿ ನಿಂತ ಅತ್ತೆಯೋ ನೆರೆಮನೆಯ ಅಕ್ಕನೋ ಪಿಸುಗುಟ್ಟಬೇಕಲ್ಲದೆ ಪುಸ್ತಕದಲ್ಲಿ ಸಿಗುವುದಿಲ್ಲ.

ಇದೇ ವರದಿಯಲ್ಲಿ ಅಷ್ಟು ಸಂತೋಷದಾಯಕವಲ್ಲದ ಮಾತೂ ಇದೆ. ಆರಂಭದಲ್ಲಿ ದೊಡ್ಡದಾಗಿದ್ದ ಲಾಭ ಕಾಲಕ್ರಮೇಣ ಕರಗಿತು. ನಿಗದಿಯಾಗಿದ್ದ ಭೇಟಿಗಳು ಮುಗಿದ ಮೇಲೆ ಜೋಡಿಗಳು ಒಂದೊಂದಾಗಿ ಸಡಿಲವಾದವು. ಭೇಟಿ ನಿಂತಂತೆ ಲಾಭವೂ ಕೆಳಗಿಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಮಾರುಕಟ್ಟೆ ಒಂದೇ ರೀತಿ ಇರುವುದಿಲ್ಲ. ಇಂದು ಅಗ್ಗಕ್ಕೆ ಕೊಟ್ಟವನು ನಾಳೆ ಅಂಗಡಿ ಬದಲಿಸುತ್ತಾನೆ, ಬೆಲೆ ಏರಿಸುತ್ತಾನೆ. ಒಮ್ಮೆ ಕೇಳಿ ತಿಳಿದ ಸುದ್ದಿ ಬಹುಕಾಲ ಬಾಳುವುದಿಲ್ಲ, ಮತ್ತೆ ಮತ್ತೆ ಕೇಳುತ್ತಿರಬೇಕು. ಹಾಗೆ ನೋಡಿದರೆ ನಾಲ್ಕು ವಾರದ ಜೋಡಣೆಗೆ ಇಷ್ಟು ಫಲ ಸಿಕ್ಕಿದ್ದೇ ದೊಡ್ಡದು. ಆದರೆ “ಮಾರ್ಗದರ್ಶನ ಕಾರ್ಯಕ್ರಮ ನಡೆಸಿದೆವು” ಎಂದು ಒಂದು ತಿಂಗಳಲ್ಲಿ ಫೈಲು ಮುಚ್ಚುವವರಿಗೆ ಇದೊಂದು ಎಚ್ಚರಿಕೆ.

ಯಾವ ಕಸುಬು ಎಂಬ ಪ್ರಶ್ನೆ

ಮಾರ್ಗದರ್ಶನ ಎಂದೊಡನೆ ಹೆಂಗಸಿಗೆ ಹೆಂಗಸೇ ಎಂದು ನಾವು ಭಾವಿಸುತ್ತೇವೆ. ಕೀನ್ಯಾದ ನೆರೆಯ ಉಗಾಂಡದಿಂದ ಬಂದ ವರದಿಯೊಂದು ಇದನ್ನು ಸ್ವಲ್ಪ ತಿದ್ದುತ್ತದೆ. ರಾಜಧಾನಿ ಕಂಪಾಲಾದ ಕಟ್ವೆ ಎಂಬುದು ವರ್ಕ್‌ಶಾಪುಗಳ ಕೇರಿ. ಚದುರಂಗ ಆಟಗಾರ್ತಿ ಫಿಯೋನಾ ಮುಟೆಸಿಯ ಬಗ್ಗೆ 2016ರಲ್ಲಿ ಬಂದ ಸಿನಿಮಾ ನೋಡಿದವರಿಗೆ ಆ ಹೆಸರು ಪರಿಚಿತ. ಅಲ್ಲಿಯ ಮಹಿಳಾ ಉದ್ಯಮಿಗಳ ಬಗ್ಗೆ ವಿಶ್ವಬ್ಯಾಂಕ್ 2015ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. ಹೆಚ್ಚಿನ ಹೆಂಗಸರು ಹೊಲಿಗೆ, ಸಲೂನು, ಅಡುಗೆಯಂತಹ ‘ಹೆಂಗಸರ ಕೆಲಸ’ ಹಿಡಿದಿದ್ದರು. ಕೆಲವರು ಮಾತ್ರ ಲೋಹದ ಕೆಲಸ, ಮರಗೆಲಸದಂತಹ ಗಂಡಸರ ಕಸುಬಿಗೆ ದಾಟಿದ್ದರು. ಹೀಗೆ ದಾಟಿದವರ ಲಾಭ ದಾಟದವರಿಗಿಂತ ಸುಮಾರು ಮೂರು ಪಟ್ಟು, ಅದೇ ಕಸುಬಿನ ಗಂಡಸರ ಸರಿಸಮಾನ.

ಹಾಗಾದರೆ ಎಲ್ಲರೂ ಯಾಕೆ ದಾಟುವುದಿಲ್ಲ? ದಾಟದೆ ಉಳಿದವರಲ್ಲಿ ಹೆಚ್ಚಿನವರಿಗೆ ಆ ಕಡೆ ಸಂಪಾದನೆ ಹೆಚ್ಚು ಎಂಬುದೇ ತಿಳಿದಿರಲಿಲ್ಲ. ದಾಟಿದವರು ಉಳಿದವರಿಗಿಂತ ಜಾಣೆಯರೋ ಧೈರ್ಯವಂತೆಯರೋ ಆಗಿದ್ದರು ಎಂದಲ್ಲ. ಅವರ ಹಿಂದೆ ಬಹುಮಟ್ಟಿಗೆ ಒಬ್ಬ ಗಂಡಸು ಇದ್ದ. ತಂದೆಯೋ, ಸಂಬಂಧಿಕನೋ, ಸ್ನೇಹಿತನೋ, ಆ ಕಸುಬಿನ ಒಳಗೆ ಕೈಹಿಡಿದು ಕರೆದುಕೊಂಡು ಹೋದವನು. ನಮ್ಮ ಮನೆಗಳಲ್ಲಿ ಎಲೆಕ್ಟ್ರೀಷಿಯನ್, ಪ್ಲಂಬರ್, ಮೆಕ್ಯಾನಿಕ್ ಆಗಿರುವ ಅಪ್ಪಂದಿರು ಎಷ್ಟೋ ಮಂದಿ. ಮಗನನ್ನು ರಜೆಯಲ್ಲಿ ಜೊತೆಗೆ ಕರೆದೊಯ್ಯುತ್ತಾರೆ, ಮಗಳನ್ನು ಹೊಲಿಗೆ ಕ್ಲಾಸಿಗೆ ಸೇರಿಸುತ್ತಾರೆ. ನಾವು ಧರ್ಮಕೇಂದ್ರಗಳಲ್ಲಿ ಆರಿಸುವ ತರಬೇತಿಗಳ ಪಟ್ಟಿಯೂ ಇದಕ್ಕಿಂತ ಬೇರೆಯಾಗಿಲ್ಲ.

ಕ್ಲಬ್ಬಿನ ಅಕ್ಕ, ಜೊತೆಗಾತಿ ಗೆಳತಿ

ಬಾಂಗ್ಲಾದೇಶದಲ್ಲಿ 1972ರಲ್ಲಿ ಫಜ್ಲೆ ಹಸನ್ ಆಬೆದ್ ಆರಂಭಿಸಿದ ‘ಬ್ರಾಕ್’ ಸಂಸ್ಥೆ ಉಗಾಂಡದ ಹಳ್ಳಿಗಳಲ್ಲಿ 2008ರಿಂದ ಹದಿಹರೆಯದ ಹುಡುಗಿಯರ ಕ್ಲಬ್ಬುಗಳನ್ನು ನಡೆಸಿತು. ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ಸೇರುವ ಜಾಗ. ಆಟ, ಹರಟೆ, ದೇಹ ಮತ್ತು ಆರೋಗ್ಯದ ತಿಳುವಳಿಕೆ, ಜೊತೆಗೆ ಸಣ್ಣ ಆದಾಯದ ಕಸುಬು. ಕ್ಲಬ್ಬನ್ನು ನೋಡಿಕೊಳ್ಳುವವಳು ಹೊರಗಿನಿಂದ ಬಂದ ಅಧಿಕಾರಿಯಲ್ಲ, ಅದೇ ಊರಿನ, ಹುಡುಗಿಯರಿಗಿಂತ ಸ್ವಲ್ಪ ದೊಡ್ಡವಳಾದ ಯುವತಿ. ಅವಳಿಗೆ ಸಣ್ಣ ಗೌರವಧನ. ನಾಲ್ಕು ವರ್ಷಗಳ ನಂತರ ನೋಡಿದಾಗ ಕ್ಲಬ್ಬು ಇದ್ದ ಊರುಗಳಲ್ಲಿ ಸಂಪಾದನೆಯ ಕೆಲಸದಲ್ಲಿ ತೊಡಗಿದ ಹುಡುಗಿಯರ ಪ್ರಮಾಣ ಮೊದಲಿದ್ದುದಕ್ಕಿಂತ ಶೇಕಡಾ 48ರಷ್ಟು ಹೆಚ್ಚಿತ್ತು. ಹದಿಹರೆಯದಲ್ಲೇ ಗರ್ಭಿಣಿಯರಾಗುವವರ ಸಂಖ್ಯೆ ಸುಮಾರು ಮೂರರಲ್ಲಿ ಒಂದು ಪಾಲು ಇಳಿದಿತ್ತು, ಎಳೆಯ ವಯಸ್ಸಿನ ಮದುವೆಯೂ ಕಡಿಮೆಯಾಗಿತ್ತು. ಈ ವರದಿ 2020ರಲ್ಲಿ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಪಾದನೆ ಮತ್ತು ಮಾನ ಎರಡೂ ಜೊತೆಜೊತೆಯಾಗಿ ನಡೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾವು ಓದಿಲ್ಲ.

ಆದರೆ ಅದೇ ಸಂಸ್ಥೆ ಅದೇ ಕಾರ್ಯಕ್ರಮವನ್ನು ಟಾಂಜಾನಿಯಾದಲ್ಲಿ ನಡೆಸಿದಾಗ ಅಂತಹ ಫಲ ಕಾಣಲಿಲ್ಲ. ಅಲ್ಲಿ ಹಣ ಮತ್ತು ಸೌಕರ್ಯಗಳ ಕೊರತೆಯಿಂದ ಕ್ಲಬ್ಬುಗಳ ಗುಣಮಟ್ಟವೇ ಕಡಿಮೆಯಾಗಿತ್ತು. ಹೆಸರು ಒಂದೇ, ಪುಸ್ತಕ ಒಂದೇ, ಫಲ ಬೇರೆ. ‘ಸೇವಾ ಮನೋಭಾವದಿಂದ ಎಲ್ಲ ಆಗುತ್ತದೆ’ ಎಂದು ಹೇಳಿ ಬಜೆಟ್ಟಿನಲ್ಲಿ ಒಂದು ಸಾಲೂ ಬರೆಯದ ನಮ್ಮ ಅಭ್ಯಾಸಕ್ಕೆ ಇದು ಅನ್ವಯಿಸುತ್ತದೆ.

ನಮ್ಮ ದೇಶದ ಒಂದು ಉದಾಹರಣೆ ಅಹಮದಾಬಾದಿನದು. ದಿವಂಗತ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆಗೆ 1974ರಿಂದ ಸ್ವಂತ ಬ್ಯಾಂಕ್ ಇದೆ. ಆ ಬ್ಯಾಂಕಿನ ಗ್ರಾಹಕಿಯರಿಗೆ ಎರಡು ದಿನದ ವ್ಯವಹಾರ ಸಲಹೆಯ ತರಬೇತಿ ಕೊಟ್ಟರು. ಕೆಲವರನ್ನು ಒಂಟಿಯಾಗಿ ಕರೆದರು, ಕೆಲವರಿಗೆ “ಒಬ್ಬ ಗೆಳತಿಯನ್ನು ಕರೆದುಕೊಂಡು ಬನ್ನಿ” ಎಂದರು. 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಗೆಳತಿಯೊಂದಿಗೆ ಬಂದವರು ಸಾಲ ಪಡೆದು ವ್ಯಾಪಾರ ಬೆಳೆಸಿದರು, ನಾಲ್ಕು ತಿಂಗಳಲ್ಲಿ ಅವರ ಮನೆಯ ಆದಾಯವೂ ಹೆಚ್ಚಿತ್ತು. ಒಂಟಿಯಾಗಿ ಬಂದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಹೆಂಗಸರು ಹೊರಗೆ ಓಡಾಡಲು ಹೆಚ್ಚು ಕಟ್ಟುಪಾಡು ಇರುವ ಸಮುದಾಯಗಳವರಿಗೆ ಗೆಳತಿಯಿಂದ ಇನ್ನೂ ಹೆಚ್ಚಿನ ಬಲ ಸಿಕ್ಕಿತ್ತು. ಇದಕ್ಕೆ ಖರ್ಚು ಎಷ್ಟು? ಇನ್ನೊಂದು ಕುರ್ಚಿ, ಇನ್ನೊಂದು ಊಟ.

ದೂರದಿಂದಲೇ ಮಾರ್ಗದರ್ಶನ ನೀಡುವ ಪ್ರಯತ್ನಗಳೂ ಇವೆ. ಬ್ರಿಟನ್ನಿನ ಮಾಜಿ ಪ್ರಧಾನಿಯ ಪತ್ನಿ ಶೆರಿ ಬ್ಲೇರ್ 2008ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನವು 2010ರಿಂದ ಅಂತರ್ಜಾಲದ ಮೂಲಕ ಬಡ ದೇಶಗಳ ಮಹಿಳಾ ಉದ್ಯಮಿಗಳನ್ನು ಹೊರಗಿನ ಅನುಭವಿಗಳೊಂದಿಗೆ ಜೋಡಿಸುತ್ತಾ ಬಂದಿದೆ. ಕಂಪೆನಿ ನೋಂದಾಯಿಸಿ ರಫ್ತು ಮಾಡಬಯಸುವ ಓದಿದ ಯುವತಿಗೆ ಇದು ಹೇಳಿಮಾಡಿಸಿದ್ದು. ಮನೆಯ ಜಗಲಿಯಲ್ಲಿ ಚಕ್ಕುಲಿ ಕರಿಯುವವಳಿಗೆ ಲಂಡನ್ನಿನ ಸಲಹೆಗಾರ್ತಿಗಿಂತ ಪಕ್ಕದ ವಾಳೆಯ ಅಕ್ಕನೇ ಹೆಚ್ಚು ಉಪಯೋಗಕ್ಕೆ ಬಂದಾಳು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಅಂಗಳದಲ್ಲಿ

ತರಬೇತಿಯ ನಂತರವೂ ಬೆನ್ನಿಗೆ ನಿಲ್ಲಬೇಕೆಂಬುದು ಕರಾವಳಿಗೆ ಹೊಸ ವಿಷಯವಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಆರಂಭವಾದ ‘ರುಡ್‌ಸೆಟ್’ ಸಂಸ್ಥೆ ಈ ಪಾಠವನ್ನು ಬೇಗನೆ ಕಲಿಯಿತು. ಕೇಂದ್ರ ಸರಕಾರ ಅದನ್ನೇ ಮಾದರಿಯಾಗಿಟ್ಟುಕೊಂಡು ದೇಶದಾದ್ಯಂತ ‘ಆರ್‌ಸೆಟಿ’ ತರಬೇತಿ ಕೇಂದ್ರಗಳನ್ನು ತೆರೆಯಿತು. ಅಲ್ಲಿಯ ನಿಯಮದಂತೆ ತರಬೇತಿ ಕೆಲವೇ ದಿನಗಳದ್ದಾದರೂ ಅನುಸರಣೆ ಎರಡು ವರ್ಷದ್ದು. ಬೆಂಗಳೂರಿನಲ್ಲಿ 1983ರಲ್ಲಿ ಮಹಿಳಾ ಉದ್ಯಮಿಗಳೇ ಸೇರಿ ಕಟ್ಟಿದ ‘ಅವೇಕ್’ ಸಂಸ್ಥೆ ಹೊಸಬರಿಗೆ ಉದ್ಯಮಿಗಳಿಂದಲೇ ಸಲಹೆ ಕೊಡಿಸುವ ಪದ್ಧತಿಯನ್ನು ಬೆಳೆಸಿತು.

ಧರ್ಮಕೇಂದ್ರಗಳಲ್ಲಿ ಇದನ್ನು ಮಾಡಲು ದೊಡ್ಡ ಯೋಜನೆ ಬೇಕಿಲ್ಲ. ಯಾವ ಮನೆಯವರು ಹತ್ತು ವರ್ಷದಿಂದ ಕ್ಯಾಟರಿಂಗ್ ನಡೆಸುತ್ತಿದ್ದಾರೆ, ಯಾರು ಮಲ್ಲಿಗೆ ಕಟ್ಟಿ ಮಾರುತ್ತಾರೆ, ಯಾರ ಪಾರ್ಲರ್ ಚೆನ್ನಾಗಿ ನಡೆಯುತ್ತಿದೆ, ಇದು ವಾಳೆಯ ಗುರ್ಕಾರರಿಗೆ ಬಾಯಿಪಾಠ. ಅಂತಹ ಹೆಂಗಸರ ಹೆಸರು ಬರೆದಿಡುವುದು ಮೊದಲ ಕೆಲಸ. ಅವರು ಬೇರೆ ಮತದವರಾದರೂ ಅಡ್ಡಿಯಿಲ್ಲ, ವ್ಯಾಪಾರ ಒಂದೇ ಬೀದಿಯದಲ್ಲವೇ.

ಇಲ್ಲಿ ಒಂದು ತೊಡಕು ಎದುರಾಗುವುದು ಖಂಡಿತ. “ನನ್ನ ಗಿರಾಕಿಯನ್ನೇ ಕಸಿದುಕೊಳ್ಳುವವಳಿಗೆ ನಾನು ಗುಟ್ಟು ಹೇಳಬೇಕೇ ಫಾದರ್?” ಎಂದು ಹಿರಿಯರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದಂಡೋರಾದಂತಹ ದೊಡ್ಡ ಬಡಾವಣೆಯಲ್ಲಿ ಒಂದೇ ಕಸುಬಿನ ಇಬ್ಬರನ್ನು ಜೋಡಿಸಬಹುದು. ಇನ್ನೂರು ಮನೆಯ ಊರಿನಲ್ಲಿ ಎರಡು ಬೇಕರಿಗೆ ಜಾಗವಿಲ್ಲದಿರಬಹುದು. ಹಾಗಿರುವಾಗ ಪಕ್ಕದ ಧರ್ಮಕೇಂದ್ರದ ಬೇಕರಿಯವರನ್ನು ಕೇಳುವುದು ಒಳ್ಳೆಯದು. ಸರಕು ತರುವ ಪೇಟೆ ಒಂದೇ ಇರುತ್ತದೆ, ಗಿರಾಕಿಗಳು ಬೇರೆ ಇರುತ್ತಾರೆ. ಇಬ್ಬರೂ ಸೇರಿ ಮೈದಾ, ಸಕ್ಕರೆ ಒಟ್ಟಿಗೆ ತರಿಸಿದರೆ ಹಿರಿಯಳಿಗೂ ಲಾಭ.

ಹಿರಿಯಳ ಸಮಯಕ್ಕೂ ಬೆಲೆಯಿದೆ. ಅಂಗಡಿ ಬಿಟ್ಟು ಬರುವವಳಿಗೆ ಬಸ್ ಚಾರ್ಜು, ಆ ಅರ್ಧ ದಿನದ ನಷ್ಟ ಯಾರು ತುಂಬಿಕೊಡಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕು. ಮಾರ್ಗದರ್ಶಕಿ ಮತ್ತು ಹೊಸಬಳ ನಡುವೆ ಸಾಲದ ಹಣ ಓಡಾಡದಿರುವುದು ಕ್ಷೇಮ. ಹಣದ ವಿಷಯ ಸ್ವಸಹಾಯ ಗುಂಪಿಗೋ ಬ್ಯಾಂಕಿಗೋ ಇರಲಿ. ಭೇಟಿಗಳು ಸಭಾಭವನದಲ್ಲಿ ನಡೆಯುವುದಕ್ಕಿಂತ ಅಂಗಡಿಯಲ್ಲೇ, ಇಲ್ಲವೇ ಸರಕು ತರಲು ಪೇಟೆಗೆ ಹೋಗುವ ದಿನ ಜೊತೆಯಾಗಿ ಹೋಗುವುದರಲ್ಲೇ ನಡೆಯಲಿ. ಎಲ್ಲಕ್ಕಿಂತ ಹೆಚ್ಚಾಗಿ, ನಾಲ್ಕು ವಾರಕ್ಕೆ ಮುಗಿಸದೆ ಒಂದು ವರ್ಷವಾದರೂ ಮುಂದುವರಿಯಲಿ.

ನಮ್ಮ ಕಡೆಯಿಂದಲೂ ಒಂದು ಬದಲಾವಣೆ ಮಾಡುತ್ತೇವೆ. ಇನ್ನು ಮುಂದೆ ತರಬೇತಿ ಸಮಾರೋಪದ ಫೋಟೋ ಕಳುಹಿಸುವ ಧರ್ಮಕೇಂದ್ರಗಳಲ್ಲಿ ಒಂದು ವಿನಂತಿ. ತರಬೇತಿ ಪಡೆದವರಲ್ಲಿ ಯಾರಿಗೆ ಯಾರು ಜೋಡಿ ಎಂಬ ಪಟ್ಟಿಯನ್ನು ನಿಮ್ಮ ಕಚೇರಿಯಲ್ಲಿ ಇಟ್ಟುಕೊಳ್ಳಿ. ಆರು ತಿಂಗಳಾದ ಮೇಲೆ ನಾವೇ ಫೋನ್ ಮಾಡಿ ಎಷ್ಟು ಅಂಗಡಿಗಳ ಬಾಗಿಲು ತೆರೆದಿದೆ ಎಂದು ಕೇಳುತ್ತೇವೆ. ಆ ಸುದ್ದಿಯನ್ನೂ ಪ್ರಕಟಿಸುತ್ತೇವೆ, ಮುಚ್ಚಿದ ಅಂಗಡಿಗಳ ಲೆಕ್ಕವನ್ನೂ ಸೇರಿಸಿ.